ಹಾರಾಟ ಎಂಬುದು ನೆಲದ ಕೆಲಸ

(ಬೇಸಿಗೆ ಶಿಬಿರಗಳಲ್ಲಿ ಮಕ್ಕಳ ನಾಟಕ ಮಾಡಿಸುವ ಶಿಕ್ಷಕರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ, ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಬ್ಬ ನಾರದನ ಕಥೆ ಹೇಳಿ ಮುಗಿಸುತ್ತೇನೆ.

ನಾನು ರಂಗಸಜ್ಜಿಕೆಯ ಕೆಲಸಕ್ಕೆ ಬಿದ್ದ ಹೊಸತು. ಒಂದು ಶಾಲೆಯ ವಾರ್ಷಿಕೋತ್ಸವ. ನಾರದ ಮೇಲಿಂದ ಇಳಿದು ಬರಬೇಕು ಅಂತ ಅಲ್ಲಿಯವರ ಆಸೆ, ಇಳಿಸಿಯೇ ತೀರುತ್ತೇನೆ ಅಂತ ನನ್ನ ಹುಮ್ಮಸ್ಸು. ತೊಲೆಗೆ ರಾಟೆ ಕಟ್ಟಿದೆವು, ಪೇಟೆಯಿಂದ ಹೊಸ ಹಗ್ಗ ತಂದೆವು, ಏಳನೇ ಕ್ಲಾಸಿನ ಹುಡುಗನ ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದು ಬೆನ್ನ ಹಿಂದೆ ಗಂಟು ಹಾಕಿ ಮೇಲಕ್ಕೆಳೆದೆವು. ಪರದೆ ಎದ್ದಿತು, ತಾಳ ಬಿತ್ತು, ನಾರದ ಇಳಿಯತೊಡಗಿದ. ಬುಗುರಿಯ ಹಾಗೆ ಗಿರಗಿರ ತಿರುಗುತ್ತ ಇಳಿದ. ‘ನಾರಾಯಣ’ ಅಂತ ಸಭೆಯ ಕಡೆ ಮುಖ ಮಾಡಿ ಶುರು ಮಾಡಿದರೆ ‘ಯಣ’ ಅನ್ನುವಷ್ಟರಲ್ಲಿ ಹಿಂದಿನ ಪರದೆಗೆ ಹೇಳುತ್ತಿದ್ದ. ತಂಬೂರಿ ಅರ್ಧ ದಾರಿಯಲ್ಲೇ ಬಿತ್ತು. ಕಾಲು ನೆಲಕ್ಕೆ ತಾಗಿದ ಮೇಲೂ ಹುಡುಗನಿಗೆ ನೆಟ್ಟಗೆ ನಿಲ್ಲಲು ಆಗದೆ ಇಂದ್ರನ ಸಿಂಹಾಸನ ಹಿಡಿದುಕೊಂಡ. ಇಂದ್ರ ಬಹಳ ಒಳ್ಳೆಯವನು, ಎದ್ದು ಜಾಗ ಬಿಟ್ಟುಕೊಟ್ಟ. ಸಭೆ ಬಿದ್ದು ಬಿದ್ದು ನಕ್ಕಿತು.

ಮರುದಿನ ಹಗ್ಗ ಸುತ್ತಿಡುವಾಗ ಕಾರಣ ಕೈಗೇ ಸಿಕ್ಕಿತು. ನಾವು ತಂದದ್ದು ಮೂರು ಎಳೆ ಹೊಸೆದ ಹಗ್ಗ. ಅಂಥ ಹಗ್ಗಕ್ಕೆ ತೂಕ ಬಿದ್ದ ಕೂಡಲೇ ಅದು ತನ್ನ ಹುರಿ ಬಿಚ್ಚಿಕೊಳ್ಳಲು ನೋಡುತ್ತದೆ, ತುದಿಗೆ ಕಟ್ಟಿದ್ದು ತಿರುಗುತ್ತದೆ. ಬಾವಿಗೆ ಕೊಡ ಬಿಟ್ಟ ಯಾವ ಅಜ್ಜಿಯನ್ನು ಕೇಳಿದ್ದರೂ ಹೇಳುತ್ತಿದ್ದಳು. ಹೆಣೆದ ಹಗ್ಗವಾಗಿದ್ದರೆ ಇಷ್ಟು ತಿರುಗುತ್ತಿರಲಿಲ್ಲ. ಸೊಂಟದ ಎಡಕ್ಕೊಂದು ಬಲಕ್ಕೊಂದು ಎರಡು ಹಗ್ಗ ಇಳಿಬಿಟ್ಟಿದ್ದರೆ ಹುಡುಗನ ಮುಖ ಸಭೆಯ ಕಡೆಗೇ ಉಳಿಯುತ್ತಿತ್ತು.

ಜನ ನಕ್ಕಿದ್ದು ನನ್ನ ಪುಣ್ಯ. ಆ ದಿನ ನಾನು ಮಾಡಿದ ತಪ್ಪುಗಳಲ್ಲಿ ಇದು ತೀರ ಚಿಕ್ಕದು. ಉಳಿದವನ್ನು ಮುಂದೆ ಹೇಳುತ್ತೇನೆ. ಆಗ ನನಗೆ ಅವು ತಪ್ಪು ಅಂತಲೂ ಗೊತ್ತಿರಲಿಲ್ಲ. ಏನೂ ಗೊತ್ತಿಲ್ಲದವನ ಕೈಯಲ್ಲಿ ಒಂದು ಮಗು ನೇತಾಡುತ್ತಿತ್ತು.

ಆವತ್ತಿನಿಂದ ಇವತ್ತಿನವರೆಗೆ ನನಗೆ ಹತ್ತಿದ್ದು ಒಂದೇ ವಿಷಯ. ರಂಗದ ಮೇಲೆ ಹಾರುವವನನ್ನು ಹಾರಿಸುವವರು ನೆಲದ ಮೇಲಿರುತ್ತಾರೆ. ಹಗ್ಗ ಹಿಡಿದ ಕೈ ಒಂದು, ಕತ್ತೆತ್ತಿ ನೋಡುವ ಸಹನಟರ ಕಣ್ಣು ಇನ್ನೊಂದು. ಕಣ್ಣು ಪಳಗಿದರೆ ಹಗ್ಗ ಎಷ್ಟೋ ಸಲ ಬೇಕಾಗುವುದೇ ಇಲ್ಲ. ಇದನ್ನೇ ಇವತ್ತು ಹಿಂದೆ ಮುಂದೆ ಮಾಡಿ ಹೇಳುವವನಿದ್ದೇನೆ.

ಹಾರಿಸುವ ಆಸೆ ಹೆಚ್ಚುಕಡಿಮೆ ನಾಟಕದಷ್ಟೇ ಹಳೆಯದು. ಗ್ರೀಕರ ರಂಗದಲ್ಲಿ ದೇವತೆಗಳನ್ನು ಎತ್ತಿ ಇಳಿಸಲು ‘ಮೆಖಾನೆ’ ಎಂಬ ಯಂತ್ರ ಇತ್ತು. ಹೊಲಕ್ಕೆ ನೀರೆತ್ತುವ ನಮ್ಮ ಏತದ ದೂರದ ನೆಂಟ ಅಂದುಕೊಳ್ಳಿ. ಕ್ರಿ.ಪೂ. 421ರಲ್ಲಿ ಅಥೆನ್ಸಿನಲ್ಲಿ ಅರಿಸ್ಟೊಫನೀಸ್ ‘ಶಾಂತಿ’ ಎಂಬ ಪ್ರಹಸನ ಆಡಿಸಿದ. ಅದರಲ್ಲಿ ಒಬ್ಬ ರೈತ, ಯುದ್ಧ ಯಾಕೆ ನಿಲ್ಲುತ್ತಿಲ್ಲ ಅಂತ ದೇವರನ್ನೇ ಕೇಳಿ ಬರಲು ದೈತ್ಯಾಕಾರದ ಸಗಣಿಹುಳದ ಮೇಲೆ ಕೂತು ಸ್ವರ್ಗಕ್ಕೆ ಹೊರಡುತ್ತಾನೆ. ಅರ್ಧ ಆಕಾಶಕ್ಕೆ ಹೋದ ಮೇಲೆ ಪಾತ್ರವನ್ನೇ ಬಿಟ್ಟು, ಯಂತ್ರ ನಡೆಸುವವನನ್ನು ಕೂಗಿ ಹುಷಾರು ಮಾರಾಯ ಅಂತ ಬೇಡಿಕೊಳ್ಳುತ್ತಾನೆ. ಹೆದರಿಕೆಗೆ ಹೊಟ್ಟೆ ಕೆಟ್ಟು ಹುಳಕ್ಕೆ ಇಲ್ಲೇ ಊಟವಾದೀತು ಅನ್ನುವುದು ಜೋಕು. ನೇತಾಡುವವನ ಜೀವ ಯಾರ ಕೈಯಲ್ಲಿದೆ ಅಂತ ಆ ಸಭೆಗೂ ಗೊತ್ತಿತ್ತು, ಅದಕ್ಕೇ ನಗು ಬಂದದ್ದು.

ಮಕ್ಕಳನ್ನು ಏರಿಸಿದ ಹಳೆಯ ದಾಖಲೆ ಬೇಕಾದರೆ 15ನೇ ಶತಮಾನದ ಇಟಲಿಯ ಫ್ಲಾರೆನ್ಸಿಗೆ ಹೋಗಬೇಕು. ಅಲ್ಲಿನ ಮಹಾ ಗುಮ್ಮಟ ಕಟ್ಟಿದ ಬ್ರುನೆಲೆಸ್ಕಿ ಚರ್ಚಿನ ಹಬ್ಬಕ್ಕಾಗಿ ಒಂದು ಸ್ವರ್ಗವನ್ನೂ ಕಟ್ಟಿದ್ದ. ಛಾವಣಿಯಲ್ಲಿ ತೂಗುವ ಅರ್ಧಗೋಲ, ಸುತ್ತ ದೀಪಗಳು, ಅಂಚಿನಲ್ಲಿ ರೆಕ್ಕೆ ಕಟ್ಟಿಕೊಂಡು ದೇವದೂತರಾಗಿ ನಿಂತ ಹುಡುಗರು. ಇದನ್ನು ಕಲಾವಿದರ ಜೀವನಚರಿತ್ರೆ ಬರೆದ ವಸಾರಿ ಸವಿಸ್ತಾರವಾಗಿ ವರ್ಣಿಸಿದ್ದಾನೆ. ಅದರಲ್ಲಿ ನನಗೆ ಇಷ್ಟವಾದ ಸಾಲು ದೀಪದ ಬಗ್ಗೆ ಇರುವುದಲ್ಲ. ಹುಡುಗರನ್ನು ಕಬ್ಬಿಣದಿಂದ ಹೇಗೆ ಬಿಗಿದಿದ್ದರೆಂದರೆ, ಬೀಳಬೇಕು ಅಂದುಕೊಂಡರೂ ಅವರು ಬೀಳುವ ಹಾಗಿರಲಿಲ್ಲವಂತೆ. ನೋಡಿ, ಗುಮ್ಮಟ ಕಟ್ಟಿದವನ ಬುದ್ಧಿ.

ನಮ್ಮ ಕಡೆ ಈ ವಿದ್ಯೆ ಬೆಳೆದದ್ದು ಕಂಪನಿ ನಾಟಕದಲ್ಲಿ, ‘ಟ್ರಿಕ್ ಸೀನ್’ ಎಂಬ ಹೆಸರಿನಲ್ಲಿ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಮುಂದೆ ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದದ್ದು ನಿಮಗೆಲ್ಲ ಗೊತ್ತು. ಹಾರಾಟದ ವಿಷಯದಲ್ಲಿ ಮಾತ್ರ ಪಕ್ಕದ ತೆಲುಗು ಸೀಮೆಯ ಸುರಭಿಯವರನ್ನು ನೋಡಬೇಕು. ಕಡಪ ಜಿಲ್ಲೆಯ ಸುರಭಿ ಎಂಬ ಹಳ್ಳಿಯಲ್ಲಿ 1885ರಲ್ಲಿ ಹುಟ್ಟಿದ ಮನೆತನದ ಕಂಪನಿ ಅದು. ಅವರ ‘ಮಾಯಾಬಜಾರ್’ ನೋಡಿದವರು ಊರಿಗೆ ಬಂದು ವಾರಗಟ್ಟಲೆ ಅದನ್ನೇ ಹೇಳುತ್ತಾರೆ. ನಮ್ಮ ಬಿ.ವಿ. ಕಾರಂತರು ಅವರ ಜೊತೆ ಕೂತು ಕೆಲಸ ಮಾಡಿ ‘ಭೀಷ್ಮ’ದಂಥ ನಾಟಕ ಆಡಿಸಿದ್ದು ಸುಮ್ಮನೆ ಅಲ್ಲ. ಅಲ್ಲಿ ಮಕ್ಕಳು ತೊಟ್ಟಿಲಿನಿಂದ ಇಳಿದು ರಂಗಕ್ಕೇ ಬರುತ್ತಾರೆ. ಮೇಲೆ ನಾರದನಾಗಿ ತೂಗುವವನು ಅಣ್ಣನಾದರೆ ಮರೆಯಲ್ಲಿ ತಂತಿ ಹಿಡಿದವನು ಚಿಕ್ಕಪ್ಪ. ಅವರ ಟ್ರಿಕ್ ನೋಡಿ ಬಂದು ನಾವೂ ರಾಟೆ ಕೊಂಡುಬಿಡಬಹುದು. ಚಿಕ್ಕಪ್ಪನನ್ನು ಎಲ್ಲಿಂದ ತರುತ್ತೀರಿ?

ಈಗ ಲಂಡನ್ನಿಗೆ ಹೋಗೋಣ. ಮಕ್ಕಳ ನಾಟಕದಲ್ಲಿ ಹಾರಾಟ ಅಂದರೆ ಇಡೀ ಜಗತ್ತು ಮೊದಲು ಹೇಳುವ ಹೆಸರು ‘ಪೀಟರ್ ಪ್ಯಾನ್’. ಬೆಳೆಯಲು ಒಪ್ಪದ ಒಬ್ಬ ಹುಡುಗ, ಡಾರ್ಲಿಂಗ್ ಮನೆಯ ಮೂರು ಮಕ್ಕಳಿಗೆ ಹಾರಲು ಕಲಿಸಿ ಕಿಟಕಿಯಿಂದ ಕರೆದುಕೊಂಡು ಹೋಗುವ ಕಥೆ. ಜೆ.ಎಂ. ಬ್ಯಾರಿ ಬರೆದದ್ದು. ಡ್ಯೂಕ್ ಆಫ್ ಯಾರ್ಕ್ಸ್ ಥಿಯೇಟರಿನಲ್ಲಿ 1904ರ ಡಿಸೆಂಬರ್ 22ಕ್ಕೆ ಮೊದಲ ಆಟ ಅಂತ ಗೊತ್ತಾಗಿತ್ತು. ಯಂತ್ರಗಳು ಕೈಕೊಟ್ಟು 27ಕ್ಕೆ ಹೋಯಿತು. ನಾನು ಈ ತಾರೀಕುಗಳನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ‘ಸಾರ್, ನಾಳಿದ್ದು ಶೋ, ಒಂದು ಹಾರೋ ಸೀನ್ ಹಾಕಿಕೊಡಿ’ ಅಂತ ನನಗೆ ಫೋನ್ ಬರುತ್ತದೆ. ಲಂಡನ್ನಿನ ದೊಡ್ಡ ಥಿಯೇಟರಿಗೇ ಐದು ದಿನ ಮುಂದಕ್ಕೆ ಹಾಕಬೇಕಾಯಿತು.

ಹಾರಿಸುವ ಕೆಲಸ ಜಾರ್ಜ್ ಕರ್ಬಿಯ ಕಂಪನಿಯದು. ಅಲ್ಲಿಯವರೆಗೆ ಹಾರುವ ಪಟ್ಟಿಗಳನ್ನು ಬಿಗಿಯುವುದು ಬಿಚ್ಚುವುದು ನಿಧಾನದ ಕೆಲಸ. ಹಾರುವವನು ಹಾರುವುದನ್ನು ಬಿಟ್ಟು ಬೇರೇನೂ ಮಾಡುವ ಹಾಗಿರಲಿಲ್ಲ. ಬ್ಯಾರಿಗೆ ಬೇಕಾದದ್ದು ಕಿಟಕಿಯಿಂದ ಒಳಗೆ ಬರುವ, ನಡೆದಾಡುವ, ಜಗಳವಾಡುವ, ಮತ್ತೆ ಥಟ್ಟನೆ ಏಳುವ ಹುಡುಗ. ಕರ್ಬಿ ಬೇಗ ಸಿಕ್ಕಿಸಿ ಬೇಗ ಬಿಡಿಸುವಂಥ ಹೊಸ ಪಟ್ಟಿ ಮಾಡಿಕೊಟ್ಟ. ಇನ್ನೊಂದು ವಿಷಯ ಗಮನಿಸಿ. ಪೀಟರ್ ಪಾತ್ರ ಮಾಡಿದವಳು ನೀನಾ ಬೂಸಿಕೋ, ವಯಸ್ಕ ನಟಿ. ಆ ಪಾತ್ರಕ್ಕೆ ನಟಿಯರನ್ನೇ ಹಾಕುವ ಸಂಪ್ರದಾಯ ಆಮೇಲೆ ದಶಕಗಟ್ಟಲೆ ನಡೆಯಿತು. ಮಕ್ಕಳ ನಾಟಕದ ಅತಿ ಪ್ರಸಿದ್ಧ ಹಾರುವ ಮಗು, ಮಗುವೇ ಅಲ್ಲ.

ಆಟ ಗೆದ್ದ ಮೇಲೆ ಒಂದು ತಾಪತ್ರಯ ಶುರುವಾಯಿತು. ನಾಟಕ ನೋಡಿ ಮನೆಗೆ ಹೋದ ಮಕ್ಕಳು ಮಂಚದ ಮೇಲಿಂದ ಹಾರಿ ಪೆಟ್ಟು ಮಾಡಿಕೊಂಡು ಡಾಕ್ಟರ ಹತ್ತಿರ ಹೋಗುವಂತಾಯಿತು. ಮೊದಲು ನಾಟಕದಲ್ಲಿ ಒಳ್ಳೆಯದನ್ನು ಯೋಚಿಸಿದರೆ ಸಾಕು, ಹಾರಬಹುದು ಅಂತ ಇತ್ತು. ತಂದೆತಾಯಂದಿರ ದೂರು ಬಂದ ಮೇಲೆ ಬ್ಯಾರಿ ಒಂದು ಷರತ್ತು ಸೇರಿಸಿದ: ಯಕ್ಷಿಯ ಪುಡಿ ಮೈಮೇಲೆ ಬೀಳದೆ ಯಾರಿಗೂ ಹಾರಲು ಬರುವುದಿಲ್ಲ. ಇದನ್ನು ಆತನೇ ಬರೆದಿಟ್ಟಿದ್ದಾನೆ. ಇವತ್ತು ಪ್ರಪಂಚವೆಲ್ಲ ಮೆಚ್ಚುವ ಆ ಮಿಂಚಿನ ಪುಡಿ ಹುಟ್ಟಿದ್ದು ಹೀಗೆ, ಮಂಚದಿಂದ ಬಿದ್ದ ಮಕ್ಕಳಿಂದ. ನೀವು ಹನುಮಂತನ ನಾಟಕ ಮಾಡಿಸುವಾಗ ಒಂದನೇ ಕ್ಲಾಸಿನವರು ಮುಂದಿನ ಸಾಲಿನಲ್ಲಿ ಬಾಯಿ ತೆರೆದು ಕೂತಿರುತ್ತಾರಲ್ಲ, ಅವರ ಮನೆಯಲ್ಲೂ ಅಟ್ಟ ಇದೆ, ಕಟ್ಟೆ ಇದೆ. ನಿಮ್ಮ ಕಥೆಯಲ್ಲೂ ಒಂದು ಪುಡಿ ಇರಲಿ. ಹನುಮಂತನಿಗೆ ಜಾಂಬವಂತ ಬಂದು ನೆನಪಿಸಿದರೆ ಮಾತ್ರ ಶಕ್ತಿ ಬರುತ್ತದೆ ಅಂತ ನಮ್ಮವರು ಮೊದಲೇ ಏರ್ಪಾಟು ಮಾಡಿದ್ದಾರೆ. ಆ ಸಂಭಾಷಣೆಯನ್ನು ಸಮಯ ಸಾಲದು ಅಂತ ಕತ್ತರಿಸಬೇಡಿ.

‘ಪೀಟರ್ ಪ್ಯಾನ್’ ಹಾರುತ್ತಲೇ ಅಮೆರಿಕ ಸೇರಿತು. 1950ರಲ್ಲಿ ಅಲ್ಲಿನ ಒಂದು ಪ್ರಯೋಗಕ್ಕೆ ಹಾರಿಸಲು ಇಂಗ್ಲೆಂಡಿನಿಂದ ಬಂದ ಪೀಟರ್ ಫಾಯ್ ಎಂಬಾತ ಅಲ್ಲೇ ನೆಲೆಸಿದ. 1954ರಲ್ಲಿ ನ್ಯೂಯಾರ್ಕಿನ ನಾಟಕಮಂದಿರಗಳ ಬೀದಿಯಾದ ಬ್ರಾಡ್‌ವೇಯಲ್ಲಿ ಪೀಟರ್ ಪಾತ್ರದ ನಟಿ ಮೇರಿ ಮಾರ್ಟಿನಳನ್ನು ಹಾರಿಸಿ ಹೆಸರು ಮಾಡಿದ. 1957ರಲ್ಲಿ ಲಾಸ್ ವೇಗಸ್ಸಿನಲ್ಲಿ ತನ್ನದೇ ಕಂಪನಿ ತೆರೆದ. ಇವತ್ತು ಅಮೆರಿಕದ ಸಾಮಾನ್ಯ ಹೈಸ್ಕೂಲು ಕೂಡ ಈ ನಾಟಕ ಆಡಬೇಕೆಂದರೆ ಇಂಥ ಕಂಪನಿಯನ್ನು ಕರೆಸುತ್ತದೆ. ಅವರು ಸಾಮಾನು ತಂದು ಕಟ್ಟಿ, ಹಗ್ಗ ಎಳೆಯುವವರಿಗೆ ತರಬೇತಿ ಕೊಟ್ಟು ಹೋಗುತ್ತಾರೆ. ತಾವೇ ರಾಟೆ ಕಟ್ಟಿಕೊಳ್ಳುವುದಿಲ್ಲ.

ಈಗ ನನ್ನ ಉಳಿದ ತಪ್ಪುಗಳು. ಸ್ವಲ್ಪ ಲೆಕ್ಕ ಬರುತ್ತದೆ, ಗಣಿತದ ಮೇಷ್ಟ್ರು ಇದ್ದರೆ ತಿದ್ದಬೇಕು.

ಆ ಹುಡುಗ 30 ಕಿಲೋ ಅಂತ ಇಟ್ಟುಕೊಳ್ಳಿ. ತೊಲೆಯ ಮೇಲೆ ಬಿದ್ದ ಭಾರ ಎಷ್ಟು? 30 ಅಂತ ನಾನು ಎಣಿಸಿದ್ದೆ. ಹಗ್ಗ ರಾಟೆ ದಾಟಿ ಈಚೆ ಬರುತ್ತದಲ್ಲ, ಈ ಕಡೆ ನಾನು 30 ಕಿಲೋದಷ್ಟು ಬಲ ಹಾಕಿ ಕೆಳಗೆ ಎಳೆಯುತ್ತಿದ್ದೇನೆ. ತೊಲೆಗೆ ಎರಡೂ ಸೇರಿ 60. ಹುಡುಗ ಉಯ್ಯಾಲೆಯಂತೆ ತೂಗಿದರೆ ಇನ್ನೂ ಏರುತ್ತದೆ. 45 ಡಿಗ್ರಿಯಿಂದ ಬೀಸಿ ಬಂದು ನಡುವಿನ ತಳ ದಾಟುವಾಗ ಹಗ್ಗಕ್ಕೆ ಆತನ ತೂಕ ಸುಮಾರು ಒಂದೂವರೆ ಪಟ್ಟು ದಾಟಿ 47–48 ಕಿಲೋ ಆಗಿರುತ್ತದೆ, ತೊಲೆಗೆ ಅದರ ಎರಡರಷ್ಟು. ಇದೆಲ್ಲ ನಯವಾಗಿ ತೂಗಿದರೆ. ಕೈಯಿಂದ ಹಗ್ಗ ಒಂದಡಿ ಜಾರಿ ಗಕ್ಕನೆ ನಿಂತರೆ ಆ ಜಗ್ಗು ತೂಕದ ಎಷ್ಟೋ ಪಟ್ಟು. ಉಕ್ಕಿನ ತಂತಿ ರಬ್ಬರಿನಂತೆ ಹಿಗ್ಗುವುದಿಲ್ಲ, ಜಗ್ಗು ನೇರ ಬೆನ್ನುಮೂಳೆಗೆ ಹೋಗುತ್ತದೆ. ಅದಕ್ಕೇ ಮನುಷ್ಯರನ್ನು ಹಾರಿಸುವವರು ತಂತಿ, ಕೊಂಡಿ, ರಾಟೆ, ತೊಲೆ, ಪ್ರತಿಯೊಂದೂ ಬೀಳಬಹುದಾದ ಭಾರದ ಹತ್ತು ಪಟ್ಟಾದರೂ ತಾಳಬೇಕು ಅಂತ ಲೆಕ್ಕ ಇಡುತ್ತಾರೆ. ಇಷ್ಟಾದ ಮೇಲೂ ನನ್ನನ್ನು ಫ್ಯಾನ್ ಕೊಕ್ಕೆ ಸಾಕಲ್ಲವಾ ಅಂತ ಕೇಳುವವರಿದ್ದಾರೆ. ಫ್ಯಾನಿನ ತೂಕ ನಾಲ್ಕೈದು ಕಿಲೋ ಸ್ವಾಮಿ. ಅದು ಜಿಗಿಯುವುದಿಲ್ಲ.

ಎರಡನೆಯದು ಸೊಂಟಪಟ್ಟಿ. ಬರೀ ಸೊಂಟಕ್ಕೆ ಕಟ್ಟಿ ಎತ್ತಿದರೆ ಇಡೀ ಮೈಭಾರ ಹೊಟ್ಟೆಯ ಮೇಲೆ ಒತ್ತುತ್ತದೆ, ಉಸಿರು ಕಟ್ಟುತ್ತದೆ, ತಲೆ ಕೆಳಗಾದರೆ ಮಗು ಪಟ್ಟಿಯಿಂದ ಜಾರುತ್ತದೆ. ಹಾರಾಟದ ಹಾರ್ನೆಸ್ ತೊಡೆಯ ಸುತ್ತ, ಸೊಂಟ, ಎಷ್ಟೋ ಸಲ ಭುಜವನ್ನೂ ಹಿಡಿದು ಭಾರವನ್ನು ಹಂಚುತ್ತದೆ, ವೇಷದ ಒಳಗೆ ಅಡಗುತ್ತದೆ, ಆಯಾ ಮೈಗೆ ತಕ್ಕ ಅಳತೆಯಲ್ಲಿರುತ್ತದೆ. ಕಟ್ಟಡದ ಕೆಲಸದವರು ಹಾಕಿಕೊಳ್ಳುವ ಹಳದಿ ಬೆಲ್ಟ್ ತಂದು ಹಾಕಿದರೆ ಆಗದೇ ಅಂತ ಯಾರೋ ಈಗ ಮನಸ್ಸಿನಲ್ಲಿ ಕೇಳಿಕೊಂಡಿರಿ. ಆಗದು. ಅದು ಬೀಳುವವನನ್ನು ಒಂದು ಸಲ ಹಿಡಿದು ನಿಲ್ಲಿಸಲು ಮಾಡಿದ್ದು. ಅದರಲ್ಲಿ ಅಲುಗಾಡದೆ ತುಂಬ ಹೊತ್ತು ತೂಗಿದರೆ ರಕ್ತ ಕಾಲಿಗಿಳಿದು ದೊಡ್ಡವರಿಗೂ ತಲೆ ಸುತ್ತಿ ಬರುತ್ತದೆ.

ಮೂರನೆಯದು ಹಗ್ಗ ಹಿಡಿದವನು ನಾನೊಬ್ಬನೇ ಆಗಿದ್ದು. ನನಗೆ ಸೀನು ಬಂದಿದ್ದರೆ? ಕಪಿಲೆ ಹೊಡೆಯುವುದನ್ನು ನೋಡಿದ ಹಿರಿಯರು ಇಲ್ಲಿ ಒಬ್ಬಿಬ್ಬರಾದರೂ ಇರಬೇಕು. ಬಾವಿಯಿಂದ ನೀರೆತ್ತುವಾಗ ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತವೆ, ಅವುಗಳ ಮೈಭಾರವೇ ಎಳೆಯುತ್ತದೆ. ವಿದೇಶದಲ್ಲಿ ಕೈಯಿಂದ ಹಾರಿಸುವವರೂ ಇದನ್ನೇ ಮಾಡುತ್ತಾರೆ. ಹಗ್ಗ ಹಿಡಿದು ಏಣಿಯ ಮೇಲೆ ನಿಂತಿದ್ದು, ಸನ್ನೆ ಸಿಕ್ಕಾಗ ಕೆಳಕ್ಕೆ ಹಾರುತ್ತಾರೆ, ಆಚೆ ಪೀಟರ್ ಮೇಲೇಳುತ್ತಾನೆ. ಎತ್ತುವವರು ಬೇರೆ, ಅಡ್ಡಕ್ಕೆ ಒಯ್ಯುವವರು ಬೇರೆ. ಇಬ್ಬರೂ ಒಂದೇ ಉಸಿರಿನಲ್ಲಿ ಇರಬೇಕು.

ಇನ್ನು ಕೊಂಡಿ. 2010ರ ಡಿಸೆಂಬರಿನಲ್ಲಿ ಬ್ರಾಡ್‌ವೇಯಲ್ಲಿ ಭಾರೀ ದುಡ್ಡು ಸುರಿದು ಮಾಡಿದ ಸ್ಪೈಡರ್-ಮ್ಯಾನ್ ಸಂಗೀತನಾಟಕದ ಪ್ರದರ್ಶನದ ನಡುವೆ ಒಬ್ಬ ನಟ ಎತ್ತರದಿಂದ ಬಿದ್ದು ಮೈಮೂಳೆ ಮುರಿದುಕೊಂಡ. ತಂತಿ ಕಡಿದಿರಲಿಲ್ಲ. ಆತನನ್ನು ಹಿಡಿದಿಡಬೇಕಾಗಿದ್ದ ಕಟ್ಟು ಸಿಕ್ಕಿಸಿಯೇ ಇರಲಿಲ್ಲ. ಅಷ್ಟು ಪಳಗಿದವರ ನಡುವೆ ಅದೊಂದು ಕ್ಲಿಕ್ ಶಬ್ದ ಆಗಲಿಲ್ಲ. ಈಗ ನಿಮ್ಮ ವಾರ್ಷಿಕೋತ್ಸವದ ಗ್ರೀನ್‌ರೂಮನ್ನು ನೆನಪಿಸಿಕೊಳ್ಳಿ: ನಲವತ್ತು ಮಕ್ಕಳು, ಒಬ್ಬನ ಗದೆ ಕಾಣುತ್ತಿಲ್ಲ, ಇಬ್ಬರು ಅಳುತ್ತಿದ್ದಾರೆ, ಮೈಕ್ ಕೆಟ್ಟಿದೆ, ಮುಖ್ಯ ಅತಿಥಿಗಳು ಎದ್ದು ಹೊರಟಿದ್ದಾರೆ. ಅಲ್ಲಿ ಕೊಂಡಿ ನೋಡುವವರು ಯಾರು?

ಆದ್ದರಿಂದ ನೇರವಾಗಿ ಹೇಳುತ್ತೇನೆ. ಶಾಲೆಯ ಹಾಲಿನಲ್ಲಿ ಮಗುವನ್ನು ಹಗ್ಗಕ್ಕೆ ಕಟ್ಟಬೇಡಿ. ಈ ಕೆಲಸವನ್ನೇ ಮಾಡುವ ತಂಡ, ತೊಲೆ ನೋಡಿ ಒಪ್ಪುವ ಎಂಜಿನಿಯರ್, ದಿನಗಟ್ಟಲೆ ತಾಲೀಮು, ಇವೆಲ್ಲ ಇದ್ದರೆ ಆ ಮಾತು ಬೇರೆ. ಇಲ್ಲದಿದ್ದರೆ ಬೇಡ. ಇದರಲ್ಲಿ ನಾನು ಚೌಕಾಸಿಗೆ ಸಿಗುವುದಿಲ್ಲ.

ಬೇಡ ಅನ್ನಲು ಇನ್ನೊಂದು ಕಾರಣವೂ ಇದೆ, ಅದು ಕಲೆಯದು. ನಮ್ಮ ಹಾಲುಗಳಲ್ಲಿ ಹಾರಾಟ ಚೆನ್ನಾಗಿ ಕಾಣುವುದೂ ಇಲ್ಲ. ತೂಗುವ ಹಗ್ಗ ಒಮ್ಮೆ ಹೋಗಿ ಬರಲು ಎಷ್ಟು ಹೊತ್ತು ಬೇಕು ಅನ್ನುವುದು ಅದರ ಉದ್ದದ ಮೇಲೆ ನಿಂತಿದೆ, ಮಗು ದಪ್ಪವೋ ತೆಳ್ಳಗೋ ಅನ್ನುವುದರ ಮೇಲಲ್ಲ. 9 ಮೀಟರ್ ಹಗ್ಗಕ್ಕೆ 6 ಸೆಕೆಂಡು, 4 ಮೀಟರಿಗೆ 4 ಸೆಕೆಂಡು. ದೊಡ್ಡ ರಂಗಮಂದಿರಗಳಲ್ಲಿ ಪರದೆಯ ಮೇಲೆ ಕಾಣದ ಎತ್ತರ ಇರುತ್ತದೆ, ಉದ್ದ ಹಗ್ಗ, ನಿಧಾನದ ಬೀಸು, ಹದ್ದು ತೇಲಿದ ಹಾಗೆ. ನಮ್ಮ ಹಾಲಿನಲ್ಲಿ ಅದೇ ಹುಡುಗ ನಾಗರಪಂಚಮಿಯ ಜೋಕಾಲಿ ಆಡಿದ ಹಾಗೆ ಕಾಣುತ್ತಾನೆ. ಅದರ ಮೇಲೆ ಈಗ ಎಲ್ಲರೂ ಹಿಂದೆ ಎಲ್‌ಇಡಿ ಪರದೆ ನಿಲ್ಲಿಸುತ್ತಾರೆ, ಮೋಡ ಓಡಿಸುತ್ತಾರೆ. ತಂತಿ ಕಾಣದಿರಬೇಕಾದರೆ ಬೆಳಕು ಪಕ್ಕದಿಂದ ಬರಬೇಕು, ಹಿಂದಿನ ಪರದೆ ಕಪ್ಪಗೆ ಇಲ್ಲವೇ ಕಾಡಿನಂತೆ ಗಿಜಿಬಿಜಿಯಾಗಿ ಇರಬೇಕು. ಹಿಂದಿನಿಂದ ಹೊಳೆಯುವ ಪರದೆಯ ಮುಂದೆ ಎಷ್ಟೇ ತೆಳ್ಳನೆಯ ತಂತಿಯೂ ಕರಿ ಗೆರೆ ಎಳೆದಂತೆ ಎದ್ದು ಕಾಣುತ್ತದೆ. ಬಾಡಿಗೆಗೆ ಸಾವಿರಾರು ರೂಪಾಯಿ ಕೊಟ್ಟು ನಮ್ಮ ಗುಟ್ಟನ್ನು ನಾವೇ ರಟ್ಟು ಮಾಡಿಕೊಂಡಂತೆ.

ಹಾಗಾದರೆ ಹಾರಿಸುವುದು ಹೇಗೆ? ಕಾಳಿದಾಸನನ್ನು ಕೇಳೋಣ.

‘ಶಾಕುಂತಲ’ದ ಏಳನೇ ಅಂಕ. ದುಷ್ಯಂತ ಇಂದ್ರನಿಗೆ ಸಹಾಯ ಮಾಡಿ ಇಂದ್ರನ ಸಾರಥಿ ಮಾತಲಿಯ ಜೊತೆ ರಥದಲ್ಲಿ ಆಕಾಶದಿಂದ ಮರಳುತ್ತಿದ್ದಾನೆ. ರಂಗದ ಮೇಲೆ ರಥವಿಲ್ಲ, ರಾಟೆಯಿಲ್ಲ. ಇಬ್ಬರು ನಟರು, ಅವರ ಮೈಯ ಓಲಾಟ. ನಾಟ್ಯಶಾಸ್ತ್ರ 16 ಭೂಚಾರಿಗಳ (ನೆಲದ ಮೇಲಿನ ಕಾಲುನಡೆಗಳ) ಜೊತೆಗೆ 16 ಆಕಾಶಚಾರಿಗಳನ್ನು (ಕಾಲೆತ್ತಿ ಆಡುವ ನಡೆಗಳನ್ನು) ಹೇಳುತ್ತದೆ, ಅಂಥ ಪಳಗಿದ ಕಾಲುಗಳು. ದುಷ್ಯಂತ ಏನು ಮಾಡುತ್ತಾನೆ? ಕೆಳಗೆ ನೋಡುತ್ತಾನೆ. ಮೋಡದೊಳಗೆ ಹಾದಿದ್ದಕ್ಕೆ ಗಾಲಿಯ ಅಂಚು ಒದ್ದೆಯಾಗಿದೆ, ಅರಗಳ ನಡುವಿನಿಂದ ಚಾತಕ ಪಕ್ಷಿಗಳು ತೂರಿ ಹೋಗುತ್ತಿವೆ. ಇಳಿದಂತೆ ಬೆಟ್ಟದ ತುದಿಗಳು ಮೇಲೇಳುತ್ತವೆ, ನೆಲ ಅವುಗಳಿಂದ ಜಾರಿ ಇಳಿದಂತೆ ಕಾಣುತ್ತದೆ. ಬರೀ ಎಲೆಯ ಮುದ್ದೆಯಾಗಿದ್ದ ಮರಗಳಿಗೆ ಕಾಂಡ ಮೂಡುತ್ತದೆ. ಗೆರೆಯಂತೆ ಮಾಯವಾಗಿದ್ದ ಹೊಳೆಗಳು ಅಗಲವಾಗುತ್ತವೆ. ಯಾರೋ ಭೂಮಿಯನ್ನೇ ನನ್ನ ಕಡೆಗೆ ಎತ್ತಿ ಎಸೆಯುತ್ತಿದ್ದಾರೆ ಅನ್ನಿಸುತ್ತಿದೆ ಅನ್ನುತ್ತಾನೆ. ವಿಮಾನ ಇಳಿಯುವಾಗ ಕಿಟಕಿ ಪಕ್ಕ ಕೂತವರು ಹೇಳಿ, ಹಾಗೇ ಅಲ್ಲವಾ? ಅದಕ್ಕಿಂತಲೂ ನನಗೆ ಸೋಜಿಗ ರಥ ಇಳಿದು ನಿಲ್ಲುವ ಜಾಗ. ಗಾಲಿಯ ಸದ್ದಿಲ್ಲ, ಧೂಳು ಏಳಲಿಲ್ಲ, ನೆಲಕ್ಕೆ ತಾಗದೆ ನಿಂತದ್ದರಿಂದ ಇಳಿದದ್ದೇ ತಿಳಿಯಲಿಲ್ಲ ಅನ್ನುತ್ತಾನೆ ರಾಜ. ಇಲ್ಲದ ಸದ್ದು, ಏಳದ ಧೂಳು, ಇವೆರಡರಿಂದ ಕಾಳಿದಾಸ ರಥ ಇಳಿಸಿಬಿಟ್ಟ.

ಇದನ್ನು ಮಕ್ಕಳ ಕೈಯಲ್ಲಿ ಮಾಡಿಸುವುದು ಸುಲಭ. ಹನುಮಂತನನ್ನು ನಡುವೆ ಗಟ್ಟಿ ಪೆಟ್ಟಿಗೆಯ ಮೇಲೆ ನಿಲ್ಲಿಸಿ, ಅವನು ಕದಲುವುದು ಬೇಡ. ಲೋಕವನ್ನು ಕದಲಿಸಿ. ಎಂಟು ಮಕ್ಕಳು ನೀಲಿ ಬಟ್ಟೆ ಹಿಡಿದು ಅವನ ಮೊಣಕಾಲಿನ ಕೆಳಗೆ ಅಲೆ ಎಬ್ಬಿಸಲಿ. ಕೋಲಿನ ತುದಿಗೆ ಕಟ್ಟಿದ ಅಂಗೈಯಗಲದ ಹಡಗುಗಳು, ಮೀನುಗಳು ಎದುರಿನಿಂದ ಬಂದು ಹಿಂದಕ್ಕೆ ಹೋಗಲಿ. ಹಡಗು ಚಿಕ್ಕದಾದಷ್ಟೂ ಹನುಮಂತ ಎತ್ತರದಲ್ಲಿದ್ದಾನೆ. ಬಾಲಕ್ಕೆ ಒಂದು ದಾರ ಕಟ್ಟಿ ಒಬ್ಬಳು ಹಿಂದೆ ಕೂತು ಅಲ್ಲಾಡಿಸುತ್ತಿರಲಿ. ಗಾಳಿ ಎಲ್ಲಿಂದ ಬೀಸುತ್ತಿದೆ ಎಂಬುದನ್ನು ಮಾತ್ರ ಎಲ್ಲರೂ ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ಬಾಲ ಒಂದು ಕಡೆ, ಶಲ್ಯ ಇನ್ನೊಂದು ಕಡೆ ಹಾರಿದರೆ ಮುಗಿಯಿತು.

ನಮ್ಮ ಜಾತ್ರೆಯ ಕೀಲುಕುದುರೆ ಇನ್ನೊಂದು ದಾರಿ. ಕುಣಿಯುವವನು ಕುದುರೆಯ ಗೂಡಿನ ನಡುವೆ ತೂರಿಕೊಂಡಿರುತ್ತಾನೆ, ನೋಡುವವರಿಗೆ ಸವಾರ ಕೂತಂತೆ ಕಾಣುತ್ತದೆ. ಅದೇ ಉಪಾಯವನ್ನು ಅಡ್ಡ ಮಲಗಿಸಿ. ಮಗುವಿನ ಸ್ವಂತ ಕಾಲುಗಳಿಗೆ ಕಪ್ಪು ಬಟ್ಟೆ, ನಿಂತಿರುವುದು ಕಪ್ಪು ಪರದೆಯ ಮುಂದೆ. ಎದೆಯಿಂದ ಹಿಂದಕ್ಕೆ ಬಿದಿರು, ಹತ್ತಿ, ಬಟ್ಟೆಯ ಸುಳ್ಳು ಮೈ, ಸುಳ್ಳು ಕಾಲು. ಮಗು ನಡೆದರೆ ಸಾಕು, ಅಡ್ಡ ಮಲಗಿ ತೇಲಿದಂತೆ ಕಾಣುತ್ತದೆ. ಪಾದ ಮಾತ್ರ ಒರೆಸಿಕೊಂಡು ಹೋಗಬೇಕು, ಟಪಟಪ ಹೆಜ್ಜೆ ಕೇಳಿದರೆ ನಗು ಬರುತ್ತದೆ. ಖರ್ಚು ಏನೂ ಇಲ್ಲ, ಆದರೆ ಕಪ್ಪು ಬಟ್ಟೆ ಒಗೆದು ಮಾಸಿದ್ದಾದರೆ ಬೂದು ಕಾಣುತ್ತದೆ, ಅದನ್ನು ಮಾತ್ರ ಹೊಸದೇ ತನ್ನಿ.

ಗೊಂಬೆಯನ್ನೂ ಮರೆಯಬೇಡಿ. ತೊಗಲುಗೊಂಬೆಯ ಹನುಮಂತ ಸಮುದ್ರ ಹಾರಿದಷ್ಟು ಚೆನ್ನಾಗಿ ಯಾವ ತಂತಿಯ ಹನುಮಂತನೂ ಹಾರಿಲ್ಲ. ಹುಡುಗ ಬಂಡೆಯ ಮರೆಗೆ ಓಡಿ ಜಿಗಿಯಲಿ, ಬಂಡೆಯ ಆಚೆಯಿಂದ ಅದೇ ಬಣ್ಣದ ಚಡ್ಡಿ ತೊಟ್ಟ ಗೊಂಬೆ ಮೇಲೇಳಲಿ. ದೊಡ್ಡವರು ಪಕ್ಕದವರಿಗೆ ಅದು ಗೊಂಬೆ ಅಂತ ಹೇಳುತ್ತಾರೆ. ಮಕ್ಕಳಿಗೆ ಅದು ಗೊತ್ತಿದ್ದೂ ಬೇಕಾಗಿಲ್ಲ.

ಹಗ್ಗವಿರಲಿ, ಗೊಂಬೆಯಿರಲಿ, ಬರೀ ಮೈಯಿರಲಿ, ಜೀವ ಇರುವುದು ನೆಲ ಬಿಡುವ ಮತ್ತು ನೆಲ ಮುಟ್ಟುವ ಎರಡು ಗಳಿಗೆಯಲ್ಲಿ. ಹಗ್ಗ ಮೊದಲು ಎಳೆದು ಆಮೇಲೆ ಮಗು ಎದ್ದರೆ ಕೋಳಿಯ ರೆಕ್ಕೆ ಹಿಡಿದು ಎತ್ತಿದ ಹಾಗಿರುತ್ತದೆ, ಭುಜ ಮೊದಲು ಹೋಗಿ ಕಾಲು ಜೋತಾಡುತ್ತದೆ. ಪಳಗಿದ ನಟಿ ಮೊದಲು ಮಂಡಿ ಬಗ್ಗಿಸಿ ತಾನೇ ಚಿಮ್ಮುತ್ತಾಳೆ, ಹಗ್ಗ ಆ ಚಿಮ್ಮನ್ನು ಮುಂದುವರಿಸುತ್ತದೆ. ಇಳಿದ ಮೇಲೂ ಗಕ್ಕನೆ ನಿಲ್ಲುವುದಿಲ್ಲ, ಎರಡು ಹೆಜ್ಜೆ ಓಡಿ ವೇಗ ಕಳೆದುಕೊಳ್ಳುತ್ತಾಳೆ. ಬೆಳಗ್ಗೆ ಹೊತ್ತು ಅಂಗಳಕ್ಕೆ ಇಳಿಯುವ ಮೈನಾ ಹಕ್ಕಿಯನ್ನು ಮಕ್ಕಳಿಗೆ ತೋರಿಸಿ. ಒಂದು ವಾರ ಅದನ್ನೇ ಅಭ್ಯಾಸ ಮಾಡಿಸಿದರೆ, ಅರ್ಧ ಅಡಿ ಜಿಗಿತದಲ್ಲೂ ಹಾರಾಟ ಕಾಣುತ್ತದೆ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ದಿಗಿಣ (ಸುತ್ತುತ್ತ ಜಿಗಿಯುವ ಕುಣಿತ) ಹಾಕುವವರನ್ನು ನೋಡಿ, ನೆಲಕ್ಕೆ ಅವರ ಪಾದದ ಗುರುತೇ ಇಲ್ಲವೇನೋ ಅನ್ನಿಸುತ್ತದೆ.

ಸಭಿಕರಲ್ಲಿ ಒಬ್ಬರು ಮೇಡಂ ಆಗಿನಿಂದ ಕೈ ಎತ್ತಿದ್ದಾರೆ. ಹೇಳಿ ಮೇಡಂ. ‘ನಮ್ಮದು ನಲಿಕಲಿ ಮಕ್ಕಳು, ಆರು ಏಳು ವರ್ಷ, ಪೆಟ್ಟಿಗೆ ಮೇಲೆ ನಿಲ್ಲಿಸಲೂ ಭಯ. ಕಥೆಯಲ್ಲಿ ಮಿಂಚುಹುಳ ಇದೆ. ಏನು ಮಾಡೋಣ?’

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ‘ಪೀಟರ್ ಪ್ಯಾನ್’ನಲ್ಲೇ ಇದೆ, ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಆ ನಾಟಕದಲ್ಲಿ ಟಿಂಕರ್ ಬೆಲ್ ಎಂಬ ಪುಟ್ಟ ಯಕ್ಷಿ ಇದ್ದಾಳೆ. ಎಲ್ಲರಿಗಿಂತ ಹೆಚ್ಚು ಹಾರುವವಳು ಅವಳೇ. ಕರ್ಬಿಯ ತಂತಿ ಅವಳಿಗೆ ಬೇಕಾಗಲಿಲ್ಲ. ರಂಗದ ಮರೆಯಲ್ಲಿ ಒಬ್ಬರು ಕೈಯಲ್ಲಿ ಚಿಕ್ಕ ಕನ್ನಡಿ ಹಿಡಿದು, ದೀಪದ ಬೆಳಕನ್ನು ಗೋಡೆಯ ಮೇಲೆ ಆಡಿಸುತ್ತಾರೆ. ಮಾತಿನ ಬದಲು ಕಿಣಿಕಿಣಿ ಗಂಟೆ. ಅಷ್ಟೇ ಅವಳು. ಅವಳು ವಿಷ ಕುಡಿದು ಬೆಳಕು ಮಂಕಾಗುತ್ತ ಬಂದಾಗ ಪೀಟರ್ ಸಭೆಯ ಕಡೆ ತಿರುಗಿ, ಯಕ್ಷಿಯರನ್ನು ನಂಬುವವರು ಚಪ್ಪಾಳೆ ತಟ್ಟಿ ಅನ್ನುತ್ತಾನೆ. 1904ರಿಂದ ಮಕ್ಕಳು ತಟ್ಟುತ್ತಲೇ ಇದ್ದಾರೆ. ಒಂದು ಬೆಳಕಿನ ಚುಕ್ಕೆ ಉಳಿಯಲಿ ಅಂತ.

ನಾನು ಒಂದು ಕೈಗನ್ನಡಿ ತಂದಿದ್ದೇನೆ. ದಯವಿಟ್ಟು ಹಿಂದಿನ ಸಾಲಿನವರು ಲೈಟ್ ಆರಿಸಿ, ಕಿಟಕಿ ಮುಚ್ಚಿ. ಇದು ನನ್ನ ಮೊಬೈಲಿನ ಟಾರ್ಚ್. ಕನ್ನಡಿಗೆ ಕಪ್ಪು ಕಾಗದ ಅಂಟಿಸಿ ನಡುವೆ ಎಂಟಾಣೆ ಅಗಲದ ಕಂಡಿ ಬಿಟ್ಟಿದ್ದೇನೆ. ಒಂದು ಕಿವಿಮಾತು: ಕನ್ನಡಿಯನ್ನು 1 ಡಿಗ್ರಿ ತಿರುಗಿಸಿದರೆ ಬೆಳಕು 2 ಡಿಗ್ರಿ ತಿರುಗುತ್ತದೆ. 15 ಮೀಟರ್ ದೂರದ ಗೋಡೆಯ ಮೇಲೆ ಅದು ಅರ್ಧ ಮೀಟರ್. ಅದಕ್ಕೇ ಮೊಣಕೈಯನ್ನು ಮೇಜಿಗೆ ಊರಿ, ಬರೀ ಬೆರಳಲ್ಲಿ ಆಡಿಸಬೇಕು. ಇಲ್ಲದಿದ್ದರೆ ಮಿಂಚುಹುಳಕ್ಕೆ ಚಳಿಜ್ವರ ಬಂದಂತಿರುತ್ತದೆ. ಹಾರಿ ಹಾರಿ ಎಲ್ಲಾದರೂ ಕೂರಿಸಿ, ಉಸಿರು ತೆಗೆದುಕೊಳ್ಳಲಿ, ಆಮೇಲೆ ಮತ್ತೆ ಹಾರಲಿ. ರಂಗದ ಮೇಲಿರುವ ಮಕ್ಕಳಿಗೆ ಹೇಳಬೇಕಾದ್ದು ಒಂದೇ, ಅದು ಎಲ್ಲಿ ಹೋದರೂ ಕಣ್ಣು ತೆಗೆಯಬಾರದು.

(ಇಲ್ಲಿಂದ ಮುಂದೆ ಮಾತಿರಲಿಲ್ಲ. ಚುಕ್ಕೆ ಹಲಗೆಯ ಮೇಲೆ ಸ್ವಲ್ಪ ಅಳುಕಿತು, ಗಾಂಧೀಜಿಯ ಫೋಟೋದ ಮೇಲೆ ಹಾದು ಛಾವಣಿಗೆ ಏರಿತು. ಅರವತ್ತು ಮಂದಿ ಮೇಷ್ಟ್ರು ಮೇಡಂಗಳು ಕತ್ತೆತ್ತಿ ನೋಡುತ್ತಿದ್ದರು. ಅದು ಹೋಗಿ ನಿಂತ ಫ್ಯಾನಿನ ರೆಕ್ಕೆಯ ಮೇಲೆ ಕೂತು ಅಲ್ಲಾಡದೆ ಇದ್ದಾಗ ಕತ್ತಲಲ್ಲಿ ಯಾರೋ ಹೆಣ್ಣುದನಿ, ‘ಯಾರೂ ಸ್ವಿಚ್ ಹಾಕಬೇಡ್ರೀ’ ಅಂದಿತು.)